ಯಾರ ಬೀಗ?

ಆ ಆಲದ ಮರದ ಕೆಳಗೆ ಒಂದು ಬಾವಿಯಿದೆ. ಯೂನಿವರ್ಸಿಟಿಯವರು ಅದಕ್ಕೆ ಕಬ್ಬಿಣದ ಜಾಲರಿ ಹಾಕಿಸಿ ಹತ್ತು ವರ್ಷವಾಯಿತು. ಅಂದಿನಿಂದ ಯಾರೂ ಅದಕ್ಕೆ ಬಿದ್ದಿಲ್ಲ. ಅದಕ್ಕೂ ಮೊದಲು ಕೂಡ ಬಿದ್ದಿರಲಿಲ್ಲ. ಆದರೆ ಈಗ ಬೀಳದೆ ಇರುವುದಕ್ಕೆ ಒಂದು ಫೈಲು ಇದೆ. ದಾರಿಯ ದೀಪಗಳು ಬಾವಿಗೆ ಇಪ್ಪತ್ತು ಹೆಜ್ಜೆ ಮೊದಲೇ ಮುಗಿದುಹೋಗುತ್ತವೆ. ಮುಂದಿನ ದೀಪಕ್ಕೂ ಫೈಲು ಇದೆ, ಕಂಬ ಇಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಆ ಕತ್ತಲಲ್ಲಿ ಮನೆ ಕಡೆ ನಡೆದು ಬರುತ್ತಿದ್ದವನು ನಮ್ಮ ದೊಡ್ಡಮ್ಮನ ಮಗ. ಹಾಗಾಗಿ ಇದು ಯಾರೋ ಯಾರಿಗೋ ಹೇಳಿದ ಮಾತಲ್ಲ. ಅವನು ಎಂಜಿನಿಯರ್. ದೆವ್ವ ಹಾಗಿರಲಿ, ಮೀಟರಿನ ಮುಳ್ಳನ್ನೂ ಬೆರಳಿಂದ ಎರಡು ಸಲ ತಟ್ಟದೆ ನಂಬದ ಪ್ರಾಣಿ.

ಯೂನಿವರ್ಸಿಟಿಯ ರೇಡಿಯೋ ಸ್ಟೇಷನ್ನಿನ ಎಂಜಿನಿಯರಿಂಗ್ ವಿಭಾಗ ಅವನ ಸುಪರ್ದಿನಲ್ಲಿದೆ. ವಿಭಾಗ ಎಂದರೆ ಅವನು, ಅವನ ಭಾಮೈದ ಮತ್ತು ಒಂದು ಏಣಿ. ಭಾಮೈದ ಹೆಂಡತಿಯ ಒಬ್ಬನೇ ತಮ್ಮ. ಕೆಲಸಕ್ಕೆ ಸೇರಿಸಿದವನೂ ಇವನೇ, ಮನೆಯಲ್ಲಿ ಅದರ ಬಗ್ಗೆ ಕೇಳಿಸಿಕೊಳ್ಳುವವನೂ ಇವನೇ. ಸ್ಟುಡಿಯೋದ ಮೈಕಿನಿಂದ ಹಿಡಿದು, ಆಟದ ಮೈದಾನದ ಆಚೆ ಟವರಿನ ಕೆಳಗಿರುವ ಟ್ರಾನ್ಸ್‌ಮಿಟರ್ ಕೊಠಡಿಯವರೆಗೆ ಏನು ಕೆಟ್ಟರೂ ಈ ಇಬ್ಬರೇ. ಕಾರ್ಯಕ್ರಮ ಚೆನ್ನಾಗಿ ಕೇಳಿಸಿದರೆ ಜನ ಉದ್ಘೋಷಕಿಗೆ ಕಾಗದ ಬರೆಯುತ್ತಾರೆ. ಕೇಳಿಸದಿದ್ದರೆ ರಿಜಿಸ್ಟ್ರಾರ್ ಇವನಿಗೆ ಬರೆಯುತ್ತಾರೆ.

ಆ ತಿಂಗಳು ರಿಜಿಸ್ಟ್ರಾರ್ ಸ್ವಲ್ಪ ಉದ್ದವಾಗಿಯೇ ಬರೆದಿದ್ದರು. ರೇಡಿಯೋ ಬೇಕೇ ಬೇಡವೇ ಎಂದು ತೀರ್ಮಾನಿಸಲು ಒಂದು ಸಮಿತಿ ಆಗಿತ್ತು. ಮೂವತ್ತು ದಿನ ಪರೀಕ್ಷೆ. ಒಟ್ಟು ಹತ್ತು ನಿಮಿಷಕ್ಕಿಂತ ಹೆಚ್ಚು ಪ್ರಸಾರ ನಿಂತರೆ ಟ್ರಾನ್ಸ್‌ಮಿಟರ್ ಮಾರುವುದು, ಕೊಠಡಿಯ ಬಾಗಿಲು ಮುಚ್ಚುವುದು, ಎಲ್ಲರೂ ಮನೆಗೆ. ಇಪ್ಪತ್ತೊಂಬತ್ತು ದಿನ ಕಳೆದಿತ್ತು. ಎರಡು ಸಲ ಮಷೀನು ಬಿಸಿಯಾಗಿ, ಮುಖ್ಯ ಸ್ವಿಚ್ಚು ತಾನಾಗಿ ಬಿದ್ದು, ಆರು ನಿಮಿಷ ಖರ್ಚಾಗಿತ್ತು. ಉಳಿದದ್ದು ಒಂದು ರಾತ್ರಿ, ನಾಲ್ಕು ನಿಮಿಷ.

ಹಾಗಾಗಿ ಅವನು ಜೇಬಿನ ರೇಡಿಯೋವನ್ನು ಕಿವಿಗೆ ಒತ್ತಿಕೊಂಡೇ ನಡೆಯುತ್ತಿದ್ದ. ಕಾರ್ಯಕ್ರಮ ಕೇಳುವುದಕ್ಕಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಒಂದು ಕಾರ್ಯಕ್ರಮವನ್ನೂ ಕೇಳಿದವನಲ್ಲ. ನಿಂತಿಲ್ಲ ತಾನೆ ಎಂದು ಕೇಳಿಸಿಕೊಳ್ಳುವುದಕ್ಕೆ. ಕಿವಿಯಲ್ಲಿ ಉದ್ಘೋಷಕಿ ಯಾರದೋ ಕಾಗದ ಓದುತ್ತಿದ್ದಳು.

ಬಾವಿಯ ಕಟ್ಟೆ ಕಂಡಾಗ ಅವನಿಗೆ ಬೀಗದ ಮೇಷ್ಟ್ರು ನೆನಪಾದರು. ಆ ಕಟ್ಟೆ ಅವರ ಜಾಗ. ಪಾಳಿ ಮುಗಿಸಿ ಅಲ್ಲೇ ಕೂತು ಬೂಟಿನ ದಾರ ಸಡಿಲಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಎಂದರೆ ಪಾಠ ಮಾಡುವವರಲ್ಲ, ಹಳೇ ಟೆಕ್ನಿಷಿಯನ್. ಆದರೆ ಇವನಿಗೆ ಕೆಲಸ ಕಲಿಸಿದವರು ಅವರೇ. ಮಷೀನಿನ ಒಳಗೆ ಕೈ ಹಾಕುವ ಮುಂಚೆ ಗೋಡೆಯ ಮೇಲಿನ ಮುಖ್ಯ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದು, ಅದರ ತೂತಿಗೆ ತನ್ನ ಸ್ವಂತ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಬೀಗ ಹಾಕಿದವನೇ ತೆಗೆಯಬೇಕು. ಬೇರೆ ಯಾರು ಹಿಡಿಗೆ ಕೈ ಹಾಕಿದರೂ ಮೂಲೆಯಿಂದ ಮೇಷ್ಟ್ರ ದನಿ ಬರುತ್ತಿತ್ತು:

"ಯಾರ ಬೀಗ?"

"ಯಾರದೂ ಇಲ್ಲ, ಮೇಷ್ಟ್ರೇ" ಎಂದು ಉತ್ತರ ಬಂದರೆ ಮಾತ್ರ ಹಿಡಿ ಮೇಲಕ್ಕೆ.

ಅವರ ಬೀಗ ಹಿತ್ತಾಳೆಯದು. ಗುರುತಿಗೆ ಮಗಳ ಉಗುರಿನ ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದರು. ಮಷೀನಿನ ಹೊರಗಿನ ಧೂಳು ಒರೆಸುವುದಕ್ಕೂ ಬೀಗ ಹಾಕುತ್ತಿದ್ದರು. ಒಮ್ಮೆ ಹಾಗೆ ಹಾಕಿ, ಕೀಲಿ ಜೇಬಲ್ಲಿಟ್ಟುಕೊಂಡು ಟೀ ಕುಡಿಯಲು ಹೋಗಿದ್ದರಿಂದ ಕುಲಪತಿಗಳ ಭಾಷಣ ಪೂರ್ತಿ ಪ್ರಸಾರವಾಗದೆ ಹೋಯಿತು. ಕೇಳುಗರಿಂದ ದೂರು ಬರಲಿಲ್ಲ ಎನ್ನುವುದು ಬೇರೆ ವಿಷಯ.

ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮ ಎಂಜಿನಿಯರ್ ಆ ಪದ್ಧತಿ ತೆಗೆದುಹಾಕಿದ. ಕಾಲ ಬದಲಾಗಿದೆ ಎಂದ. ಇರುವವರು ಇಬ್ಬರು, ಒಳಗೆ ಹೋಗುವವನು ಫೋನಿನ ಗುಂಪಿನಲ್ಲಿ ಒಂದು ಮೆಸೇಜು ಹಾಕಿದರೆ ಸಾಕು ಎಂದ. ಗುಂಪು ಆಯಿತು. ಸ್ಟೇಷನ್ನಿನ ಎಲ್ಲರೂ ಸೇರಿಕೊಂಡರು. ದಿನಕ್ಕೆ ನಲವತ್ತು ಶುಭೋದಯ, ನಲವತ್ತು ಶುಭರಾತ್ರಿ, ನಡುವೆ ಗುಲಾಬಿ ಹೂವು. ಎರಡನೇ ವಾರಕ್ಕೆ ಎಂಜಿನಿಯರ್ ಆ ಗುಂಪಿನ ಸದ್ದನ್ನು ಬಂದ್ ಮಾಡಿಕೊಂಡಿದ್ದ.

ಮೇಷ್ಟ್ರು ತೀರಿಕೊಂಡು ಆ ರಾತ್ರಿಗೆ ಎರಡು ತಿಂಗಳಾಗಿತ್ತು.

ಆಲದ ಮರದ ಕೆಳಗೆ ಬಂದ. ಕಿವಿಯಲ್ಲಿ ಉದ್ಘೋಷಕಿ, "ಪ್ರೀತಿಯ ಅಕ್ಕನಿಗೆ..." ಎಂದಳು.

ಸ್ಸ್ಸ್...

ನಿಂತ. ಅವನಿಗೆ ಎರಡು ತರದ ಮೌನ ಗೊತ್ತು. ಏನೂ ಕೇಳಿಸದೆ ನುಣ್ಣಗೆ ಇದ್ದರೆ ತಪ್ಪು ಸ್ಟುಡಿಯೋದಲ್ಲಿ. ಹೀಗೆ ಸ್ಸ್ಸ್ ಎಂದು ಮರಳು ಸುರಿದ ಹಾಗೆ ಕೇಳಿದರೆ ಟ್ರಾನ್ಸ್‌ಮಿಟರೇ ಸತ್ತಿದೆ. ಗಡಿಯಾರ ನೋಡಿದ. ಹನ್ನೊಂದು ಎರಡು.

ಮಷೀನನ್ನು ಫೋನಿನಿಂದಲೇ ಚಾಲೂ ಮಾಡುವ ವ್ಯವಸ್ಥೆ ಇತ್ತು. ಒತ್ತಿದ. "ಮುಖ್ಯ ಸ್ವಿಚ್ ಆಫ್ ಆಗಿದೆ" ಎಂದು ಪರದೆಯ ಮೇಲೆ ಬಂತು. ಮತ್ತೆ ಬಿಸಿಯಾಗಿ ಬಿದ್ದಿದೆ. ಅದನ್ನು ಕೈಯಿಂದಲೇ ಎತ್ತಬೇಕು. ರಾತ್ರಿ ಪಾಳಿ ಭಾಮೈದನದು. ಅವನಿಗೆ ಫೋನ್ ಮಾಡಿದ. ಅವನು ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆ ಎಂದು ಒಬ್ಬ ಹೆಂಗಸು ಸಮಾಧಾನವಾಗಿ ತಿಳಿಸಿದಳು.

ಕೈಯಲ್ಲೇ ಫೋನು ಗುರ್ರ್ ಎಂದಿತು. ಸ್ಟುಡಿಯೋದಿಂದ ಉದ್ಘೋಷಕಿ.

"ಸಾರ್... ನಾನು ಹೊರಗೆ ಕೇಳಿಸ್ತಾ ಇದೀನಾ?" ಪಿಸುದನಿ.

"ಇಲ್ಲಮ್ಮ."

"ಚೂರೂ ಇಲ್ವಾ?"

"ಇಲ್ಲ. ಮತ್ತೆ ಯಾಕೆ ಪಿಸುಗುಡ್ತೀಯ?"

"ಎದುರಿಗೆ ಮೈಕಿದೆಯಲ್ಲ ಸಾರ್. ಅಭ್ಯಾಸ."

"ಅವನೆಲ್ಲಿ ಹೋದ?"

"ಅರ್ಧ ಗಂಟೆ ಆಯ್ತು, ಫ್ಲಾಸ್ಕ್ ಹಿಡ್ಕೊಂಡು ಹೋದ್ರು. ಟೀಗೆ ಅಂತ ಕಾಣತ್ತೆ."

"ಈ ಹೊತ್ತಲ್ಲಿ ಯಾವ ಸ್ವರ್ಗದಲ್ಲಿ ಟೀ ಸಿಗತ್ತೆ ಅವನಿಗೆ..."

"ನಾನು ಓದ್ತಾ ಇರ್ಲಾ, ನಿಲ್ಲಿಸ್ಲಾ?"

"ಓದ್ತಾ ಇರು. ಎರಡೇ ನಿಮಿಷ."

ಫೋನು ಜೇಬಿಗೆ ಹಾಕಿದ. ಮೈದಾನ ದಾಟಿ ಕೊಠಡಿಗೆ ನಡೆದರೆ ನಾಲ್ಕು ನಿಮಿಷ, ಓಡಿದರೆ ಎರಡು. ಒಂದು ಹೆಜ್ಜೆ ಇಟ್ಟ.

ಛಿಲ್... ಛಿಲ್... ಟಪ್.

ಬಾವಿಯ ಆಚೆ ಬದಿಯಿಂದ.

ಛಿಲ್... ಛಿಲ್... ಟಪ್.

ಕೀಲಿ ಗೊಂಚಲು. ಎರಡು ಕೀಲಿ ಛಿಲ್ ಎನ್ನುತ್ತವೆ, ತುದಿ ಮುರಿದದ್ದೊಂದು ಟಪ್ ಎನ್ನುತ್ತದೆ. ಆ ಸದ್ದಿನ ಪಕ್ಕದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವನು ಅವನು. ನಿದ್ದೆಯಲ್ಲಿ ಕೇಳಿಸಿದರೂ ಗುರುತು ಹಿಡಿದಾನು.

ಟಾರ್ಚ್ ಹಾಕಬೇಕೆನಿಸಲಿಲ್ಲ. ಹಾಕದೆ ಇರೋಣವೆನಿಸಿತು.

ತೀರ ಹತ್ತಿರದಲ್ಲಿ, ಕಿವಿಯ ಮಟ್ಟದಲ್ಲಿ, ಮೆಲ್ಲಗೆ...

"ಯಾರ ಬೀಗ?"

"ಯಾರದೂ ಇಲ್ಲ, ಮೇಷ್ಟ್ರೇ," ಎಂದ ನಮ್ಮ ಎಂಜಿನಿಯರ್.

ಹದಿನೆಂಟು ವರ್ಷದ ಅಭ್ಯಾಸ. ಬಾಯಿ ಉತ್ತರ ಕೊಟ್ಟಾದ ಮೇಲೆ ತಲೆಗೆ ಹೊಳೆಯಿತು, ಕೊಟ್ಟದ್ದು ಯಾರಿಗೆ ಎಂದು.

ಬಾವಿಯ ಜಾಲರಿ ಒಮ್ಮೆ ಝುಂಯ್ ಎಂದಿತು, ಅದರ ಮೇಲೆ ಕೂತವರು ಎದ್ದ ಹಾಗೆ. ಆಮೇಲೆ ಕೀಲಿಗಳ ಸದ್ದು ಅವನ ಎಡಗಡೆಯಿಂದ ಹಾದು ಮುಂದೆ ಹೋಯಿತು. ಛಿಲ್, ಛಿಲ್, ಟಪ್... ಛಿಲ್, ಛಿಲ್, ಟಪ್... ಮೈದಾನದ ಕಡೆಗೆ. ಟ್ರಾನ್ಸ್‌ಮಿಟರ್ ಕೊಠಡಿಯ ಕಡೆಗೆ. ಅವಸರದಲ್ಲಿತ್ತು. ಬದುಕಿದ್ದಾಗ ಮೇಷ್ಟ್ರು ಯಾವತ್ತೂ ಅಷ್ಟು ಬೇಗ ನಡೆದವರಲ್ಲ.

ನೀವಾಗಿದ್ದರೆ ಮನೆಗೆ ಓಡುತ್ತಿದ್ದಿರಿ. ನಾನೂ ಅಷ್ಟೆ. ಅವನೂ ಓಡುತ್ತಿದ್ದ. ಆದರೆ ಒಂದು ಕಡೆ ದೆವ್ವ, ಇನ್ನೊಂದು ಕಡೆ ರಿಜಿಸ್ಟ್ರಾರು. ದೆವ್ವ ಕಾಗದ ಬರೆಯುವುದಿಲ್ಲ. ಅವನು ಮೈದಾನಕ್ಕೆ ಇಳಿದ.

ಓಡುತ್ತ ಓಡುತ್ತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಕಿವಿಯಲ್ಲಿ ಸ್ಸ್ಸ್ ಎನ್ನುವಾಗ ಮನಸ್ಸು ತನಗೆ ಬೇಕಾದ ಸದ್ದು ಹೆಣೆದುಕೊಳ್ಳುತ್ತದೆ. ಇದನ್ನು ಅವನೇ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದಾನೆ, ಚಿತ್ರ ಬರೆದು.

ಕೊಠಡಿಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಮುಂದಕ್ಕೆಳೆದಿತ್ತು. ಒಳಗೆ ಕತ್ತಲು. ಟ್ಯೂಬ್‌ಲೈಟು ಸತ್ತು ಮೂರು ತಿಂಗಳಾಗಿತ್ತು; ಹೊಸದಕ್ಕೆ ಮಂಜೂರಾತಿ ಬರಬೇಕಿತ್ತು. ಭಾಮೈದನ ಸ್ಕೂಟರ್ ಹೊರಗಿರಲಿಲ್ಲ. ಟೀಗೇ ಹೋಗಿದ್ದಾನೆ, ಬರಲಿ ಅವನು... ಆಳೆತ್ತರದ ಕಬ್ಬಿಣದ ಮಷೀನು ಕತ್ತಲಲ್ಲಿ ಸುಮ್ಮನೆ ನಿಂತಿತ್ತು. ಅದು ಸುಮ್ಮನಿದ್ದಾಗ ಬೇರೆ ಬೇರೆ ಸದ್ದು ಕೇಳುತ್ತವೆ. ತಣಿಯುವ ತಗಡು, ಟಿಕ್... ಟಿಕ್. ಬ್ಯಾಟರಿಯ ಮೇಲೆ ಓಡುವ ಸಣ್ಣ ಫ್ಯಾನು, ಗುಂಯ್.

ಗಡಿಯಾರ ನೋಡಿದ. ಒಂದೂಕಾಲು ನಿಮಿಷ ಉಳಿದಿತ್ತು.

ಗೋಡೆ ತಡವಿ ಹಿಡಿಗೆ ಕೈ ಹಾಕಿದ. ಹಿಡಿ ತಳದವರೆಗೆ ಕೆಳಗಿತ್ತು. ಇಲ್ಲೊಂದು ಮಾತು. ಬಿಸಿಯಾಗಿ ತಾನಾಗಿ ಬೀಳುವ ಹಿಡಿ ನಡುವೆ ನಿಲ್ಲುತ್ತದೆ. ಅದನ್ನು ತಳದವರೆಗೆ ಎಳೆಯುವುದು ಮನುಷ್ಯನ ಕೈ ಮಾತ್ರ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಒಂದೂಕಾಲು ನಿಮಿಷ ಉಳಿದವನಿಗೆ ಗೊತ್ತಿದ್ದದ್ದೆಲ್ಲ ನೆನಪಿರುವುದಿಲ್ಲ.

ಮೇಲಕ್ಕೆ ತಳ್ಳಿದ.

ಏಳಲಿಲ್ಲ.

ಎರಡೂ ಕೈಯಲ್ಲಿ ತಳ್ಳಿದ. ಕಟ್... ಕಟ್. ಏನೋ ತಡೆಯುತ್ತಿತ್ತು. ಟಾರ್ಚ್ ಹಾಕಿದ.

ಹಿಡಿಯ ತೂತಿನಲ್ಲಿ ಬೀಗ. ಹಿತ್ತಾಳೆಯದು. ಮೇಲೊಂದು ಕೆಂಪು ಚುಕ್ಕೆ.

ಮುಟ್ಟಿ ನೋಡಿದ. ಬಾವಿಯಿಂದ ಈಗ ಮೇಲೆತ್ತಿದ ಕೊಡದ ಹಾಗೆ ತಣ್ಣಗಿತ್ತು.

ಆ ಗಳಿಗೆಯಲ್ಲಿ ಅವನಿಗೆ ಬಂದದ್ದು ಭಯವಲ್ಲ, ಸಿಟ್ಟು. ಎಲ್ಲೋ ಡ್ರಾಯರಿನಲ್ಲಿ ಮೇಷ್ಟ್ರ ಬೀಗ ಸಿಕ್ಕಿದೆ, ಭಾಮೈದ ತಮಾಷೆಗೆ ಹಾಕಿ ಹೋಗಿದ್ದಾನೆ. ಇವತ್ತೇ, ಈ ರಾತ್ರಿಯೇ. ಅಕ್ಕನಿಗೆ ತಕ್ಕ ತಮ್ಮ. ಗೋಡೆಯ ಹಲಗೆಯಿಂದ ಸುತ್ತಿಗೆ ಕಿತ್ತುಕೊಂಡ. ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬೀಗಕ್ಕೆ ಹೊಡೆದ.

ಠಣ್.

ಏನೂ ಆಗಲಿಲ್ಲ. ಇನ್ನೊಂದು.

ಠಣ್.

ನಲವತ್ತು ಸೆಕೆಂಡ್. ಮೂರನೆಯದನ್ನು ಬಲವಾಗಿ ಬೀಸಿದ. ಸುತ್ತಿಗೆ ಓರೆಯಾಗಿ ಜಾರಿ, ಠಕ್ ಎಂದು ಬೀಗದ ಅಂಚಿಗೆ ತಾಗಿ, ಅವನ ಹೆಬ್ಬೆರಳಿನ ಗೆಣ್ಣಿನ ಚರ್ಮ ಕಿತ್ತುಕೊಂಡು ಹೋಯಿತು. ಟಾರ್ಚು ಬಾಯಿಂದ ಬಿತ್ತು, ಆರಿತು.

ಕತ್ತಲು.

ಟಿಕ್... ಟಿಕ್...

ಆಮೇಲೆ, ಮಷೀನಿನ ಒಳಗಿನಿಂದ ಒಂದು ದನಿ...

"ಭಾವ?"

ಅವನ ಕೈಯಿಂದ ಸುತ್ತಿಗೆ ಜಾರಿತು.

"ಭಾವ... ನೀವೇನಾ ಬಡೀತಿರೋದು? ಮೊಣಕಾಲೆಲ್ಲ ಜುಂ ಅಂತಿದೆ."

ಮಷೀನಿನ ಹಿಂಬದಿಯ ಬಾಗಿಲು ಕಿರ್ರ್ ಎಂದು ತೆರೆಯಿತು. ಅದಕ್ಕೆ ಸ್ಪ್ರಿಂಗ್ ಇದೆ. ಒಳಗೆ ಹೋದವನ ಹಿಂದೆ ತಾನೇ ಮುಚ್ಚಿಕೊಳ್ಳುತ್ತದೆ. ಮೊದಲು ಹಣೆಗೆ ಕಟ್ಟಿದ ಸಣ್ಣ ದೀಪ ಹೊರಗೆ ಬಂತು. ಆಮೇಲೆ ಭಾಮೈದ, ಮೈಯೆಲ್ಲ ಮಸಿ, ಕಿವಿಯಿಂದ ಇಯರ್‌ಫೋನು ಕೀಳುತ್ತ. ಹಾಡು ಕೇಳುತ್ತಿದ್ದ. ನಮ್ಮ ಸ್ಟೇಷನ್ನಿನದಲ್ಲ.

"ನೀನು... ಒಳಗಿದ್ಯಾ?"

"ಮೆಸೇಜ್ ಹಾಕಿದ್ನಲ್ಲ ಭಾವ. ದೊಡ್ಡ ಫ್ಯಾನಿನ ಬೆಲ್ಟು ಹರಿಯೋ ಹಾಗಿತ್ತು. ಹರಿದ್ರೆ ರಾತ್ರಿಯೆಲ್ಲ ನಿಲ್ತಿತ್ತು. ಮೂರು ನಿಮಿಷದಲ್ಲಿ ಹಾಕಿಬಿಡೋಣ, ಒಂದು ನಿಮಿಷ ಉಳಿಯತ್ತೆ ಅಂತ. ಬೋಲ್ಟು ಜಾಮ್ ಆಗಿತ್ತು, ಹಾಳಾದ್ದು."

ಎಂಜಿನಿಯರ್ ಫೋನು ತೆಗೆದು ಗುಂಪು ತೆರೆದ. ಹನ್ನೊಂದು ಒಂದಕ್ಕೆ, ಇಪ್ಪತ್ಮೂರು ಶುಭರಾತ್ರಿಗಳ ಕೆಳಗೆ, ಒಂದು ಗುಲಾಬಿಯ ಮೇಲೆ: "ಭಾವ, ಒಳಗೆ ಹೋಗ್ತಿದೀನಿ. ಆನ್ ಮಾಡ್ಬೇಡಿ."

ಓದಿ, ಹಾಗೇ ನೆಲದ ಮೇಲೆ ಕೂತ. ಭಾಮೈದ ಎರಡೂ ಕೈಯನ್ನು ಮೊಣಕೈವರೆಗೆ ಎಲ್ಲಿ ತೂರಿಸಿಕೊಂಡಿದ್ದ ಎನ್ನುವುದು ಅವನಿಗೆ ಗೊತ್ತಿತ್ತು. ಹಿಡಿ ಮೇಲೆ ಹೋಗಿದ್ದರೆ ಆ ಹುಡುಗನಿಗೆ "ಭಾವ" ಎನ್ನಲಿಕ್ಕೂ ಸಮಯ ಸಿಗುತ್ತಿರಲಿಲ್ಲ. ಹೆಂಡತಿಗೆ ಹೋಗಿ ಏನು ಹೇಳುವುದಿತ್ತು? ನಾಲ್ಕು ನಿಮಿಷ ಉಳಿಸಿದೆ ಎಂದೇ?

"ಸ್ಕೂಟರ್ ಎಲ್ಲಿ?" ಎಂದ.

"ಅಕ್ಕ ತಗೊಂಡು ಹೋಗಿದಾಳೆ, ಸಾಯಂಕಾಲ. ನಿಮಗೆ ಹೇಳ್ಲಿಲ್ವಾ?"

"ಹೇಳಿರ್ತಾಳೆ." ಹೆಬ್ಬೆರಳಿನ ರಕ್ತ ಒರೆಸಿಕೊಳ್ಳುತ್ತ, "ಬೀಗ ಹಾಕಿದ್ದು ಒಳ್ಳೇದು ಮಾಡ್ದೆ," ಎಂದ.

"ಯಾವ ಬೀಗ?"

"ಮೇಷ್ಟ್ರದು."

"ನನ್ನ ಹತ್ರ ಯಾವ ಬೀಗಾನೂ ಇಲ್ಲ ಭಾವ. ನೀವೇ ಬೇಡ ಅಂದಿದ್ರಲ್ಲ."

ಭಾಮೈದನ ಹಣೆಯ ದೀಪ ಎಂಜಿನಿಯರ್ ಮುಖದ ಮೇಲಿತ್ತು. ಗೋಡೆ ಕತ್ತಲಲ್ಲಿತ್ತು. ಆ ಕತ್ತಲಿನ ಕಡೆ ತಿರುಗದೆಯೇ ಎಂಜಿನಿಯರ್ ತುಂಬ ಮೆಲ್ಲಗೆ ಹೇಳಿದ:

"ಹೊರಗೆ ಬಂದಿದಾನೆ, ಮೇಷ್ಟ್ರೇ. ಒಳಗೆ ಯಾರೂ ಇಲ್ಲ."

ಕಟಕ್.

ಬೀಗ ಬಿಟ್ಟುಕೊಳ್ಳುವ ಸದ್ದು. ಅದನ್ನು ಭಾಮೈದನೂ ಕೇಳಿದ. ಬೇಕಾದರೆ ಅವನನ್ನೇ ಕೇಳಿ. ಅವನು ಸುಳ್ಳು ಹೇಳುವವನೇ, ಆದರೆ ಇದರಲ್ಲಿ ಹೇಳುವುದಿಲ್ಲ. ಅವನು ತಲೆ ತಿರುಗಿಸಿದ. ಬೆಳಕು ಗೋಡೆಯ ಮೇಲೆ ಬಿತ್ತು. ಹಿಡಿ ಇತ್ತು, ಹಿಡಿಯ ತೂತು ಇತ್ತು. ಬೀಗ ಇರಲಿಲ್ಲ.

ಹೊರಗೆ ಮೈದಾನದಲ್ಲಿ, ದೂರ ಹೋಗುತ್ತ... ಛಿಲ್... ಛಿಲ್... ಟಪ್. ಈ ಸಲ ಅವಸರವಿರಲಿಲ್ಲ.

ಬೆಲ್ಟು ಹಾಕಿ ಮುಗಿಸಿ ಮಷೀನು ಚಾಲೂ ಮಾಡುವ ಹೊತ್ತಿಗೆ ಹನ್ನೊಂದು ಹತ್ತೊಂಬತ್ತು. ಹಿಡಿ ಎತ್ತುವ ಮುಂಚೆ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡರು. ಜೇಬಿನ ರೇಡಿಯೋ ಒಮ್ಮೆ ಕೆಮ್ಮಿ ಬಾಯಿ ಬಿಟ್ಟಿತು. ಉದ್ಘೋಷಕಿ ಹದಿನೇಳು ನಿಮಿಷದಿಂದ ಯಾರಿಗೂ ಕೇಳಿಸದೆ ಓದುತ್ತಲೇ ಇದ್ದಳು. ಯಾರದೋ ಕಾಗದದ ಕೊನೆಯ ಸಾಲು:

"...ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಬಗ್ಗೆ ಚಿಂತೆ ಬೇಡ."

ಎಂಜಿನಿಯರ್ ವರದಿ ಬರೆದ. ನಿಂತದ್ದು ಒಟ್ಟು ಇಪ್ಪತ್ಮೂರು ನಿಮಿಷ. ಕಾರಣ ಎನ್ನುವ ಕಡೆ "ಒಳಗೆ ಮನುಷ್ಯನಿದ್ದ" ಎಂದಷ್ಟೇ ಬರೆದ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿಕೊಂಡಿದ್ದ. ಸಮಿತಿ ಸೇರಿತು. ಅಧ್ಯಕ್ಷರು ವರದಿಯ ರಟ್ಟು ನೋಡಿ, ಮೂವತ್ತು ದಿನ ಯಾವ ತೀರ್ಮಾನಕ್ಕೂ ಸಾಲದೆಂದು ಹೇಳಿ, ಇನ್ನೂ ಆರು ತಿಂಗಳ ಪರೀಕ್ಷೆಗೆ ಶಿಫಾರಸು ಮಾಡಿದರು. ರಟ್ಟು ಚೆನ್ನಾಗಿತ್ತಂತೆ. ಈಗ ರೇಡಿಯೋ ಮೂರನೇ ಪರೀಕ್ಷೆಯಲ್ಲಿದೆ. ಬೀಗದ ಪದ್ಧತಿ ಮತ್ತೆ ಬಂದಿದೆ. ಭಾಮೈದನ ಬೀಗಕ್ಕೆ ನೀಲಿ ಚುಕ್ಕೆ.

ಆದರೆ ನಾನು ಹೇಳಬೇಕೆಂದದ್ದು ಅದಲ್ಲ. ಮಾರನೆಯ ಬೆಳಗ್ಗೆ ಆದದ್ದು.

ಬೆಳಗಾಗುತ್ತಲೇ ಎಂಜಿನಿಯರ್ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು.

"ಏನಪ್ಪಾ, ಇಷ್ಟು ಹೊತ್ತಿಗೇ? ಬೆರಳಿಗೆ ಏನಾಯ್ತು?"

"ಸುತ್ತಿಗೆ ತಾಗ್ತು, ಅಮ್ಮ. ಮೇಷ್ಟ್ರದು ಒಂದು ಹಿತ್ತಾಳೆ ಬೀಗ ಇತ್ತಲ್ಲ... ಕೆಂಪು ಚುಕ್ಕೆದು. ಅದೆಲ್ಲಿದೆ?"

"ಹಿತ್ತಲ ಗೇಟಿಗೆ ಹಾಕ್ಕೊಂಡಿದೀನಿ. ಯಾಕೆ, ಆಫೀಸಿಂದು ಅಂತಾರಾ? ಅದು ಅವರ ಸ್ವಂತದ್ದಪ್ಪ."

"ಇಲ್ಲ ಇಲ್ಲ. ಸುಮ್ನೆ ನೋಡೋಣ ಅಂತ."

"ಬೀಗ ನೋಡೋಕೆ ಬಂದ್ಯಾ?" ಎಂದು ಒಂದು ಗಳಿಗೆ ಅವನ ಮುಖ ನೋಡಿ, ಹಿಂದಕ್ಕೆ ಕರೆದುಕೊಂಡು ಹೋದರು. "ನಿನ್ನೆ ಸಾಯಂಕಾಲ ನಾನೇ ಹಾಕಿದ್ದು. ಇನ್ನೂ ತೆಗ್ದಿಲ್ಲ. ಕೀಲಿ ಇಲ್ಲೇ ಇದೆ ನೋಡು," ಎಂದು ಸೊಂಟದ ಗೊಂಚಲು ತೋರಿಸಿದರು.

ಬೀಗ ಗೇಟಿನಲ್ಲಿತ್ತು. ಭದ್ರವಾಗಿ ಹಾಕಿತ್ತು. ಅವನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಮನೆಗೆ ಬಂದ.

ಹೋದ ವಾರ ನಾನೂ ಹೋಗಿ ನೋಡಿ ಬಂದೆ. ಆ ತಾಯಿ ಬೇಸರ ಮಾಡಿಕೊಳ್ಳದೆ ತೋರಿಸಿದರು; ನಿಮಗೂ ತೋರಿಸುತ್ತಾರೆ. ಕೆಂಪು ಚುಕ್ಕೆಯ ಪಕ್ಕದಲ್ಲೇ ಸುತ್ತಿಗೆಯ ಏಟಿನ ಗುಳಿಗಳಿವೆ. ಬೆರಳಿಟ್ಟು ಎಣಿಸಿದೆ. ಮೂರು. ಮೊದಲ ಎರಡು ನೇರ ಬಿದ್ದಿವೆ.

ಮೂರನೆಯದು ಓರೆ.